ಮೆಂಬರಕ್ಕನ ಅಳತೆ ಪುಸ್ತಕ

ಆ ಪುಸ್ತಕದ ರಟ್ಟು ಒಂದು ಕಾಲಕ್ಕೆ ಕೆಂಪಗಿತ್ತು ಅನ್ನುವುದಕ್ಕೆ ಮೂಲೆಯಲ್ಲಿ ಉಳಿದ ಒಂದು ಚೂರು ಬಣ್ಣವೇ ಸಾಕ್ಷಿ. ಕಿರಾಣಿ ಅಂಗಡಿಯವರು ಸಾಲ ಬರೆದುಕೊಳ್ಳುತ್ತಾರಲ್ಲ, ಅಂಥ ಉದ್ದನೆಯ ಲೆಕ್ಕದ ಪುಸ್ತಕ. ಬೆನ್ನು ಕಿತ್ತುಹೋದ ಕಡೆ ಬ್ಲೌಸಿನ ಲೈನಿಂಗ್ ಬಟ್ಟೆ ಇಟ್ಟು ಮಷೀನಿನಲ್ಲೇ ಹೊಲಿದಿದ್ದಾರೆ. ಎಡಪುಟದಲ್ಲಿ ಎದೆ, ಸೊಂಟ, ಭುಜ, ತೋಳು, ಮುಂದಿನ ಕತ್ತು, ಹಿಂದಿನ ಕತ್ತು. ಬಲಪುಟದಲ್ಲಿ ಅದೇ ಮನೆಯ ಇನ್ನೊಂದು ಲೆಕ್ಕ: 'ಬಾಗಿಲ ಮುಂದೆ ಮೋರಿ ಕಟ್ಟಿದೆ', 'ಕಂಬದ ಲೈಟು ಮೂರು ದಿನದಿಂದ ಇಲ್ಲ', 'ಅತ್ತೆ ಪಿಂಚಣಿ ನಿಂತಿದೆ', 'ಖಾತೆ, ಐದನೇ ಸಲ ಬಂದರು'.

ಎಡಪುಟದ ಮೇಲೆ ಅಂಗೈ ಅಡ್ಡ ಇಟ್ಟುಕೊಂಡೇ ಅವರು ಪುಸ್ತಕ ತೋರಿಸಿದರು. "ಆ ಕಡೆ ನೋಡ್ಬೇಡಿ ಮೇಡಂ, ಅದು ಹೆಂಗಸರ ಮಾನ. ಈ ಕಡೆ ಎಷ್ಟು ಬೇಕಾದ್ರೂ ನೋಡಿ, ಅದು ಪುರಸಭೆ ಮಾನ."

ಪುರಸಭೆ ಸದಸ್ಯರ ಬಗ್ಗೆ ಬರೆಯಬೇಕು ಎಂದು ಹೊರಟವಳಲ್ಲ ನಾನು. ಆ ಊರಿನಲ್ಲಿ ಬಾಡಿಗೆಗಿರುವ ಶಾಲಾ ಶಿಕ್ಷಕಿ, ನನ್ನ ಹಳೆಯ ಗೆಳತಿ, ಒಮ್ಮೆ ಫೋನಿನಲ್ಲಿ ನಗುತ್ತಾ ಹೇಳಿದ್ದಳು: "ನಮ್ಮ ವಾರ್ಡ್ ಮೆಂಬರ್ ಹತ್ರ ನಲ್ಲಿ ಕಂಪ್ಲೇಂಟ್ ಕೊಟ್ರೆ ನನ್ನ ಬ್ಲೌಸ್ ಅಳತೆ ಪಕ್ಕದಲ್ಲೇ ಬರ್ಕೊಂಡ್ರು ಕಣೇ." ಆ ಪುಸ್ತಕ ನೋಡಲೇಬೇಕು ಅನ್ನಿಸಿತು. ಹೋದೆ. ಹೊಸಿಲು ದಾಟಿ ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಕಣ್ಣು ನನ್ನ ರಟ್ಟೆಯ ಮೇಲಿತ್ತು. "ತೋಳು ಹಿಡೀತಾ ಇದೆ ಅಲ್ವಾ? ಯಾರು ಹೊಲಿದಿದ್ದು?"

ಅವರ ಷರತ್ತು ಒಂದೇ. ಊರಿನ ಹೆಸರು ಹಾಕಬಾರದು. ಊರು ಗೊತ್ತಾದರೆ ವಾರ್ಡು ಗೊತ್ತಾಗುತ್ತದೆ, ವಾರ್ಡು ಗೊತ್ತಾದರೆ ಮನೆ ಗೊತ್ತಾಗುತ್ತದೆ. ಆಗಲಿ. ಬೆಂಗಳೂರಿನಿಂದ ಹೊರಡುವ ಹೆದ್ದಾರಿಗಳ ಮೇಲೆ 25ರಿಂದ 40 ಕಿಲೋಮೀಟರ್ ದೂರದಲ್ಲಿ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಆನೇಕಲ್ ಎಂದು ಊರುಗಳು ರಾಜಧಾನಿಗೆ ಉಡಿದಾರ ಕಟ್ಟಿದಂತೆ ಕುಳಿತಿವೆಯಲ್ಲ, ಆ ಸಾಲಿನ ಊರು ಎಂದುಕೊಳ್ಳಿ. ಒಂದು ಪೇಟೆ ಬೀದಿ, ಒಂದು ಕೆರೆ ಏರಿ, ವಾರಕ್ಕೊಂದು ಸಂತೆ, ಅದರ ಸುತ್ತ ಹತ್ತು-ಹದಿನೈದು ವರ್ಷದಲ್ಲಿ ಎದ್ದು ನಿಂತ ಲೇಔಟುಗಳು. ಲೇಔಟಿನ ಕಮಾನುಗಳ ಮೇಲೆ ಇಂಗ್ಲಿಷ್ ಹೂವಿನ ಹೆಸರು, ಕೆಳಗೆ ರಾಗಿ ಹೊಲದ ಸರ್ವೆ ನಂಬರು.

ಆ ಊರಿನಲ್ಲಿ ಅವರನ್ನು ಮೊದಲು ಟೈಲರಕ್ಕ ಅನ್ನುತ್ತಿದ್ದರು. ಗೆದ್ದ ಮೇಲೆ ಮೆಂಬರಕ್ಕ ಆದರು. ನಾನೂ ಹಾಗೇ ಕರೆಯುತ್ತೇನೆ.

ಮೆಂಬರಕ್ಕನ ಯಜಮಾನರದ್ದು ಫ್ಲೋರ್ ಮಿಲ್ಲು. ರಾಜಕೀಯದ ಆಸೆ ಇದ್ದದ್ದು ಅವರಿಗೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಶವಸಂಸ್ಕಾರ, ಎಲ್ಲಕ್ಕೂ ಮುಂದೆ ನಿಂತು ಒಂದು ಟಿಕೆಟ್ಟಿಗೆ ಹದ ಮಾಡಿಕೊಂಡಿದ್ದರು. ಅಷ್ಟರಲ್ಲಿ ಮೀಸಲಾತಿ ಪಟ್ಟಿ ಬಂತು, ವಾರ್ಡು ಮಹಿಳೆಗೆ ಹೋಯಿತು. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಹೀಗೆ ಗಂಡನಿಗೆ ತಪ್ಪಿ ಹೆಂಡತಿಗೆ ಬಂದ ಟಿಕೆಟ್ಟುಗಳಿಗೆ ಲೆಕ್ಕವಿಲ್ಲ. ಮೆಂಬರಕ್ಕ ಅದನ್ನು ಮುಚ್ಚಿಡುವುದಿಲ್ಲ. "ಮಿಲ್ಲಿನವ್ರ ಹೆಂಡ್ತಿ ಅಂತ ಟಿಕೆಟ್ ಕೊಟ್ರು. ಟೈಲರಕ್ಕ ಅಂತ ಓಟು ಹಾಕಿದ್ರು."

2019ರ ಮೇ 29ರಂದು ಮತದಾನ. ಎರಡು ದಿನಕ್ಕೆ ಫಲಿತಾಂಶ, ಹಾರ, ಪಟಾಕಿ. ಆಮೇಲೆ ಏನೂ ಇಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲು ಹತ್ತಿ ಕೂತಿತು. ಅಧ್ಯಕ್ಷರಿಲ್ಲದೆ ಸಭೆ ಇಲ್ಲ, ಸಭೆ ಇಲ್ಲದೆ ಸದಸ್ಯರಿಗೆ ಕೆಲಸ ಇಲ್ಲ. 2018ರ ಆಗಸ್ಟಿನಲ್ಲಿ ಚುನಾವಣೆ ನಡೆದಿದ್ದ ಊರುಗಳ ಕಥೆಯೂ ಇದೇ. ಕಡೆಗೆ 2020ರ ಅಕ್ಟೋಬರ್-ನವೆಂಬರ್ ಹೊತ್ತಿಗೆ ಅಧ್ಯಕ್ಷರ ಆಯ್ಕೆ ನಡೆದು ಪುರಸಭೆಗಳಿಗೆ ಜೀವ ಬಂತು. ಅಲ್ಲಿಗೆ ಮೆಂಬರಕ್ಕ ಗೆದ್ದು ಒಂದೂವರೆ ವರ್ಷ.

ಕೋರ್ಟಿನಲ್ಲಿ ಏನಿದ್ದರೇನು, ಬಾಗಿಲಿಗೆ ಬರುವ ಜನಕ್ಕೆ ಅದು ಬೇಕಿಲ್ಲ. ಸೀರೆ ಫಾಲ್ಸಿಗೆ ಬಂದವರು ಮೋರಿ ವಿಷಯ ಎತ್ತುತ್ತಿದ್ದರು. ಲಾಕ್‌ಡೌನಿನಲ್ಲಿ ಮಾಸ್ಕ್ ಹೊಲಿಸಿಕೊಳ್ಳಲು ಬಂದವರು ರೇಷನ್ ಕಾರ್ಡು ತಂದರು. ಬರೆದುಕೊಳ್ಳಲು ಕೈಗೆ ಸಿಕ್ಕಿದ್ದು ಅಳತೆ ಪುಸ್ತಕ. ಪ್ರತಿ ಮನೆಗೂ ಅದರಲ್ಲಿ ಆಗಲೇ ಒಂದು ಪುಟ ಇತ್ತು, ಎದುರುಪುಟ ಖಾಲಿ ಇತ್ತು.

ಅವರಿಗೆ ಆಗ ಗೊತ್ತಿಲ್ಲದ ಸಂಗತಿ ಒಂದಿತ್ತು. ಪುರಸಭೆಯಲ್ಲೂ ಅಳತೆ ಪುಸ್ತಕ ಎಂಬುದೊಂದು ಇರುತ್ತದೆ. ಮೆಷರ್‌ಮೆಂಟ್ ಬುಕ್, ಚಿಕ್ಕದಾಗಿ ಎಂಬಿ. ಆ ಹೆಸರೆತ್ತಿದರೆ ಗುತ್ತಿಗೆದಾರರೆಲ್ಲ ಕಿವಿ ನೆಟ್ಟಗೆ ಮಾಡುತ್ತಾರೆ. ರಸ್ತೆಯೋ ಚರಂಡಿಯೋ ಮುಗಿದ ಮೇಲೆ ಇಂಜಿನಿಯರು ಸ್ಥಳಕ್ಕೆ ಹೋಗಿ ಉದ್ದ, ಅಗಲ, ಆಳ ಅಳೆದು ಆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಸಹಿಯ ಮೇಲೆ ಬಿಲ್ಲು. ಪುಸ್ತಕದಲ್ಲಿ ಬರೆದಷ್ಟು ಕೆಲಸ ಆಗಿದೆ ಎಂದು ಸರ್ಕಾರ ನಂಬುತ್ತದೆ.

ಎರಡನೇ ವರ್ಷ ಇವರ ವಾರ್ಡಿನಲ್ಲಿ ಒಂದು ಚರಂಡಿ ಆಯಿತು. ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಬಿಲ್ ಅನುಮೋದನೆಗೆ ಬಂದಾಗ ಉದ್ದ 60 ಮೀಟರ್ ಎಂದಿತ್ತು. ಹಿಂದಿನ ದಿನ ಸಂಜೆ ಇವರು ಕತ್ತಿನಲ್ಲಿದ್ದ ಟೇಪು ಸಮೇತ ಚರಂಡಿಯ ಬಳಿ ಹೋದರು. ಟೈಲರ್ ಟೇಪು ಇರುವುದೇ ಒಂದೂವರೆ ಮೀಟರ್, 60 ಇಂಚು. ಹಾಸುಗಲ್ಲಿನ ಮೇಲೆ ಬಗ್ಗಿ ಟೇಪು ಹಿಡಿಯುವುದು, ಸೀಮೆಸುಣ್ಣದಲ್ಲಿ ಗೀಟು ಎಳೆಯುವುದು, ಮುಂದಕ್ಕೆ ಸರಿಯುವುದು. ಬೀದಿಯ ಮಕ್ಕಳು ಹಿಂದೆ ಹಿಂದೆ ಎಣಿಸಿಕೊಂಡು ಬಂದವು. ಮೂವತ್ತಾರಕ್ಕೆ ಚರಂಡಿ ಮುಗಿಯಿತು. "ನಲವತ್ತು ಸಲ ಬರ್ಬೇಕಿತ್ತು ಮೇಡಂ. ಮೂವತ್ತಾರು ಬಂತು. ಆರು ಮೀಟರ್ ಬಟ್ಟೆ ಎಲ್ಲೋಯ್ತು?"

ಸಭೆಯಲ್ಲಿ ಅದನ್ನೇ ಕೇಳಿದರು. ಮೊದಲು ನಗು ಎದ್ದಿತು. ಟೈಲರ್ ಟೇಪಲ್ಲಿ ಅಳೆದ್ರಾ ಅಕ್ಕ, ಅಂದರು. ಹೌದು, ನಿಮ್ಮ ಹತ್ರ ಬೇರೆ ಟೇಪ್ ಇದ್ರೆ ತನ್ನಿ, ಈಗ್ಲೇ ಹೋಗಿ ಅಳೆಯೋಣ, ಅಂದರು ಇವರು. ಯಾರೂ ಎದ್ದೇಳಲಿಲ್ಲ. ವಿಷಯ ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಯೊಳಗೆ ಉಳಿದ ಆರು ಮೀಟರ್ ಚರಂಡಿ ತಾನಾಗಿಯೇ ಬೆಳೆದಿತ್ತು.

ಅಲ್ಲಿಯವರೆಗೆ ಕಚೇರಿಯಲ್ಲಿ ಕುರ್ಚಿ ಹಾಕುತ್ತಿದ್ದದ್ದು ಯಜಮಾನರಿಗೆ. ಇವರು ಪಕ್ಕದಲ್ಲಿ ನಿಲ್ಲುತ್ತಿದ್ದರು. ಚರಂಡಿ ಆದ ಮೇಲೆ ಕುರ್ಚಿ ಇವರಿಗೆ ಬಂತು. ಯಜಮಾನರು ಮಿಲ್ಲಿಗೆ ವಾಪಸಾದರು. ನಾನು ಹೋದ ದಿನ ಅವರೇ ಕಾಫಿ ಮಾಡಿ ತಂದುಕೊಟ್ಟು, ಬೆಲ್ಟಿನ ಸದ್ದು ಬದಲಾಯಿತೆಂದು ಓಡಿದರು. ಅವರ ಮನಸ್ಸಿನಲ್ಲಿ ಏನಿದೆಯೋ ಕೇಳಬೇಕಿತ್ತು. ಕೇಳಲಿಲ್ಲ.

ಊರಿನ ಇತಿಹಾಸ ಬೇಕೆಂದರೆ ಹಳೇ ಬಿಲ್ ಕಲೆಕ್ಟರ್ ಬಳಿ ಹೋಗಿ ಎಂದರು ಮೆಂಬರಕ್ಕ. ಎಂಬತ್ತು ದಾಟಿದ ಹಿರಿಯರು, ಜಗುಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಬೆಂಗಳೂರು ಪೇಟೆಗೆ 1862ರಲ್ಲೇ ಮುನಿಸಿಪಾಲಿಟಿ ಬಂತು ಎಂಬುದು ಪುಸ್ತಕದ ಮಾತು. ಇವರ ಮಾತಿನಲ್ಲಿ ಮುನಿಸಿಪಾಲ್ಟಿ ಅಂದರೆ ಸಂಜೆ ಏಣಿ ಹೊತ್ತು ಬಂದು ಕಂಬದ ಲಾಟೀನಿಗೆ ಸೀಮೆಎಣ್ಣೆ ಹಾಕುತ್ತಿದ್ದ ಒಬ್ಬ ಮನುಷ್ಯ. ಆಮೇಲೆ ಊರ ಬಾಗಿಲಲ್ಲಿ ಆಕ್ಟ್ರಾಯ್ ನಾಕಾ. ಎತ್ತಿನ ಗಾಡಿ, ಲಾರಿ, ಯಾವುದೇ ಬಂದರೂ ಸುಂಕ ಕೊಟ್ಟು ಒಳಗೆ. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು, ಹೀಗೆ ಒಂದೊಂದು ಸೀಮೆಗೆ ಒಂದೊಂದು ಕಾಯ್ದೆ ಇದ್ದದ್ದು ಹೋಗಿ 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪುರಸಭಾ ಕಾಯ್ದೆ ಆಯಿತು. 1979ರಲ್ಲಿ ಆಕ್ಟ್ರಾಯ್ ತೆಗೆದರು. "ಅಲ್ಲೀ ತನಕ ಪುರಸಭೆ ತನ್ನ ಅನ್ನ ತಾನು ದುಡ್ಕೊಂಡು ತಿಂತಿತ್ತಮ್ಮ. ನಾಕಾ ಹೋಯ್ತು ನೋಡು, ಅವತ್ತಿಂದ ವಿಧಾನಸೌಧದ ಕಡೆ ಕೈ ಚಾಚ್ಕೊಂಡು ಕೂತಿದೆ." 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ 18 ಬಗೆಯ ಹೊಣೆಗಳ ಪಟ್ಟಿಯನ್ನೇ ಕೊಟ್ಟಿತಲ್ಲ ಎಂದೆ. "ಪಟ್ಟಿ ಕೊಟ್ರು" ಅಂದು ಪೇಪರು ಮಡಿಚಿಟ್ಟರು.

ಮೆಂಬರಕ್ಕನ ಮುಖ್ಯ ತಕರಾರು ಇರುವುದು ಬೇರೆ ಕಡೆ. ಅದನ್ನು ಅವರು ಒಂದು ಹಳೆಯ ಬ್ಲೌಸು ಒಳಮಗ್ಗುಲಾಗಿ ತಿರುವಿ ತೋರಿಸಿ ವಿವರಿಸಿದರು. ತೋಳಿನ ಒಳಗೆ, ಕಂಕುಳಿನಿಂದ ಕೆಳಗೆ ಅಕ್ಕಪಕ್ಕದಲ್ಲಿ ಮೂರು ಸಾಲು ಹೊಲಿಗೆ. "ಒಳ್ಳೆ ಟೈಲರ್ ಆದ್ರೆ ಒಂದಿಂಚು ಬಟ್ಟೆ ಒಳಗೆ ಬಿಟ್ಟು ಮೂರು ಹೊಲಿಗೆ ಹಾಕಿರ್ತಾರೆ. ಮದುವೆ ಆಗತ್ತೆ, ಹೆರಿಗೆ ಆಗತ್ತೆ, ಮೈ ಬರತ್ತೆ. ಆಗ ಒಳಗಿನ ಒಂದು ಹೊಲಿಗೆ ಬಿಚ್ಚಿದ್ರೆ ಅದೇ ಬ್ಲೌಸು ಇನ್ನೂ ಐದು ವರ್ಷ ಬರತ್ತೆ. ನಮ್ಮೂರಿಗೆ ಬಿಚ್ಚೋಕೆ ಹೊಲಿಗೇನೇ ಇಲ್ಲ ಮೇಡಂ. 2011ರ ಅಳತೆ. ಮೈ ಮಾತ್ರ ಈಗಿಂದು."

2011 ಅಂದದ್ದು ಜನಗಣತಿ. ಊರಿನ ಹಣೆಬರಹ ತೀರ್ಮಾನವಾಗುವುದೇ ಗಣತಿಯಲ್ಲಿ. ಸ್ಥೂಲವಾಗಿ ಹೇಳುವುದಾದರೆ 10 ಸಾವಿರದಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದರಾಚೆ ಮಹಾನಗರ ಪಾಲಿಕೆ. ಎಷ್ಟು ವಾರ್ಡು, ಎಷ್ಟು ಸಿಬ್ಬಂದಿ, ಎಷ್ಟು ಅನುದಾನ, ಎಲ್ಲವೂ ಆ ಸಂಖ್ಯೆಯ ಬಾಲ ಹಿಡಿದೇ ಬರುತ್ತವೆ. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್ಡಿನಿಂದ ಮುಂದಕ್ಕೆ ಹೋಗಿ ಹೋಗಿ ಈಗ 2027ಕ್ಕೆ ನಿಂತಿದೆ. 15ನೇ ಹಣಕಾಸು ಆಯೋಗ ಹಣ ಹಂಚಿದ್ದೂ 2011ರ ತಲೆಯೆಣಿಕೆಯ ಮೇಲೆಯೇ. ದೇವನಹಳ್ಳಿಯನ್ನೇ ನೋಡಿ. ಪಕ್ಕದಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ 24ರಂದು. ಮೂರು ವರ್ಷಕ್ಕೆ ಗಣತಿ ಬಂತು, ಪುರಸಭೆಯ ಜನ 28 ಸಾವಿರದಷ್ಟು ಎಂದು ಬರೆದುಕೊಂಡು ಹೋಯಿತು. ಬೆಳವಣಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಎಣಿಸಿ ಬಾಗಿಲು ಹಾಕಿದ ಹಾಗೆ.

ಇದರ ಬಿಸಿ ಮೊದಲು ತಟ್ಟುವುದು ಪೌರಕಾರ್ಮಿಕರಿಗೆ. 700 ಜನರಿಗೆ ಒಬ್ಬರು ಎಂಬುದು ಸರ್ಕಾರದ ಲೆಕ್ಕ. 28 ಸಾವಿರ ಜನರ ಊರಿಗೆ 40 ಮಂದಿ. ಅದಕ್ಕೂ ಹಿಂದೆ ಪೌರಕಾರ್ಮಿಕರ ಬಗ್ಗೆ ಬಂದ ಐ.ಪಿ.ಡಿ. ಸಾಲಪ್ಪ ವರದಿ 500 ಜನರಿಗೆ ಒಬ್ಬರು ಬೇಕು ಎಂದಿತ್ತು. ಕಾಗದದಲ್ಲಿ ಜನ ಹೆಚ್ಚಾಗಿಲ್ಲ, ಆದ್ದರಿಂದ ಪೊರಕೆಯೂ ಹೆಚ್ಚಾಗಿಲ್ಲ. ಬೀದಿ ಮಾತ್ರ ಉದ್ದವಾಗಿದೆ. ಮೆಂಬರಕ್ಕನ ವಾರ್ಡಿನಲ್ಲಿ ಗುಡಿಸುವ ಇಬ್ಬರು ಹೆಂಗಸರು ಬೆಳಿಗ್ಗೆ ಇವರ ಜಗುಲಿಯಲ್ಲೇ ಟೀ ಕುಡಿಯುವುದು. ಸೆಪ್ಟೆಂಬರ್ 23ರ ಪೌರಕಾರ್ಮಿಕ ದಿನಾಚರಣೆಗೆ ಉಡುವ ಸೀರೆಗೆ ಬ್ಲೌಸು ಇವರದೇ, ಕೂಲಿ ಇಲ್ಲ.

ವಾರ್ಡಿನಲ್ಲಿ ಎಷ್ಟು ಮನೆ ಎಂಬುದಕ್ಕೆ ಮೆಂಬರಕ್ಕನ ಬಳಿ ತಮ್ಮದೇ ಗಣತಿ ಇದೆ. ಪುಸ್ತಕದ ಮುಂಭಾಗದಲ್ಲಿ ಹಳೇ ಮನೆಗಳು, ಬ್ಲೌಸು ಹೊಲಿಸಿದವರು. ಹಿಂಭಾಗದಿಂದ ತಿರುವಿದರೆ ಬೇರೆಯದೇ ಊರು ಶುರುವಾಗುತ್ತದೆ. ಅಲ್ಲಿ ಎಡಪುಟವೆಲ್ಲ ಖಾಲಿ. ಒಂದೊಂದು ಕಟ್ಟಡಕ್ಕೆ ಎಂಟು, ಹತ್ತು ಬಾಡಿಗೆ ಮನೆ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ಗಾರೆ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿಯವರು, ಗೋದಾಮುಗಳಲ್ಲಿ ದುಡಿಯುವ ಬಿಹಾರ, ಒಡಿಶಾದ ಹುಡುಗರು. "ಇವ್ರ ಓಟು ಅವ್ರೂರಲ್ಲಿ, ಕಸ ನಮ್ಮೂರಲ್ಲಿ" ಎಂದು ಕಚೇರಿಯಲ್ಲಿ ಒಬ್ಬರು ಅಂದರಂತೆ. ಅದಕ್ಕೆ ಇವರು ಕೊಟ್ಟ ಉತ್ತರ: "ಬೆವರೂ ಇಲ್ಲೇ ಅಲ್ವಾ ಸಾರ್."

ಇನ್ನು ನೀರು. ಬಲಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ.

ಈ ಸೀಮೆಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು, ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ. ಮೆಂಬರಕ್ಕನ ಊರು ಆ ಗಡಿಯ ಆಚೆ. ಬೆಂಗಳೂರು ಗ್ರಾಮಾಂತರಕ್ಕೂ ನೀರು ಕೊಡುವುದಾಗಿ ಹೇಳಿದ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಅದೇ ವರ್ಷ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ ಚಾಲನೆ ಸಿಕ್ಕಿತು. ಸಕಲೇಶಪುರದ ಕಡೆಯಿಂದ ಅದು ಇಲ್ಲಿಗೆ ಹರಿದು ಬರಬೇಕು. ಬರುವ ತನಕ ಬೋರ್‌ವೆಲ್ಲೇ ಗತಿ. ಸಾವಿರ ಅಡಿ ದಾಟಿದ ಬೋರು ಈಗ ಇಲ್ಲಿ ಸುದ್ದಿಯೇ ಅಲ್ಲ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರದ ಮಾನದಂಡ. ಇವರ ವಾರ್ಡಿನಲ್ಲಿ ಒಂದು ಲೈನಿಗೆ ನೀರು ಬರುವುದು ಐದು ದಿನಕ್ಕೊಮ್ಮೆ, ಮುಕ್ಕಾಲು ಗಂಟೆ.

ಅದನ್ನು ನೋಡಲೆಂದೇ ಒಂದು ರಾತ್ರಿ ಗೆಳತಿಯ ಮನೆಯಲ್ಲಿ ಉಳಿದು ಬೆಳಗಿನ ನಾಲ್ಕೂವರೆಗೆ ಎದ್ದೆ. ಮೆಂಬರಕ್ಕ ಆಗಲೇ ಬೀದಿಯಲ್ಲಿದ್ದರು, ತಲೆಗೆ ಟವೆಲು ಸುತ್ತಿಕೊಂಡು. ಜೊತೆಗೆ ವಾಟರ್‌ಮ್ಯಾನ್. ಅವರ ಹೆಗಲ ಮೇಲೆ ಎದೆಯುದ್ದದ ಕಬ್ಬಿಣದ ಸಲಾಕೆ, ಮೇಲುತುದಿಗೆ ಅಡ್ಡಪಟ್ಟಿ. ಅದೇ ಕೀಲಿ. ರಸ್ತೆ ಮಧ್ಯದ ಚಪ್ಪಡಿ ಸರಿಸಿ, ಮೊಬೈಲಿನ ಬೆಳಕು ಬಿಟ್ಟು, ಗುಂಡಿಯೊಳಗಿನ ವಾಲ್ವಿಗೆ ಕೀಲಿ ಕೂರಿಸಿ ತಿರುಗಿಸತೊಡಗಿದರು. ತುಟಿಯಲ್ಲೇ ಎಣಿಕೆ. ಹದಿನೆಂಟು ಸುತ್ತಿಗೆ ನಿಲ್ಲಿಸಿದರು. ಪೂರ್ತಿ ಬಿಟ್ಟರೆ ತಗ್ಗಿನ ಮನೆಗಳೇ ಕುಡಿದುಬಿಡುತ್ತವೆ, ದಿಣ್ಣೆಯವರಿಗೆ ಹನಿ ಬರುವುದಿಲ್ಲ. ಹದಿನೆಂಟಕ್ಕೆ ನಿಂತರೆ ಎರಡೂ ಕಡೆ ಸರಿಹೋಗುತ್ತದೆ. ಈ ಹದಿನೆಂಟು ಯಾವ ನಕ್ಷೆಯಲ್ಲೂ ಇಲ್ಲ. ಅವರ ತಾತ ಇದೇ ಊರಿನ ಕೆರೆಯ ನೀರಗಂಟಿ. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಪಾಲು ಹಾಕುತ್ತಿದ್ದವರು. ಗದ್ದೆಯ ಜಾಗದಲ್ಲಿ ಈಗ ಮನೆಗಳಿವೆ. ಪಾಲು ಹಾಕುವ ಕೆಲಸ ಮೊಮ್ಮಗನಿಗೆ ಬಂದಿದೆ, ಗುತ್ತಿಗೆಯ ಮೇಲೆ.

ನೀರು ಬಿಟ್ಟ ಮೇಲೆ ಮೆಂಬರಕ್ಕನ ಕೆಲಸ ಶುರು. ಬೀದಿಯ ಆ ತುದಿಯಿಂದ ಈ ತುದಿಗೆ ಕಿವಿಗೊಟ್ಟುಕೊಂಡು ನಡೆಯುವುದು. ಕೆಲವರು ನಲ್ಲಿಗೆ ನೇರ ಮೋಟಾರು ಹಾಕಿ ಎಳೆಯುತ್ತಾರೆ. ಒಬ್ಬರು ಎಳೆದರೆ ಮುಂದಿನ ಹತ್ತು ಮನೆಯ ನಲ್ಲಿ ಬರೀ ಗಾಳಿ ಉಗುಳುತ್ತದೆ. ಕತ್ತಲೆಯಲ್ಲಿ ಒಂದು ಗೇಟಿನ ಮುಂದೆ ನಿಂತರು. ನನಗೆ ಏನೂ ಕೇಳಿಸಲಿಲ್ಲ. ಕಾಲಿಂಗ್ ಬೆಲ್ ಒತ್ತಿ, "ಅಣ್ಣಾ, ಸಂಪಿನ ಹತ್ರ ಇರೋದು ಆಫ್ ಮಾಡಿ, ಮೇಲ್ಗಡೆ ಅಜ್ಜಿ ಕಾಯ್ತಾ ಇದೆ" ಅಂದರು. ಒಳಗಿಂದ ಉತ್ತರ ಬರಲಿಲ್ಲ. ಆದರೆ ಎಲ್ಲೋ ಒಂದು ಗುಂಯ್ ಅನ್ನುವ ಸದ್ದು ನಿಂತಿತು. ನಿಂತ ಮೇಲಷ್ಟೇ ಅದು ಇತ್ತು ಎಂದು ನನಗೆ ತಿಳಿದದ್ದು. "ಮಷೀನ್ ಸದ್ದು ಕೇಳಿ ಕಾಟನ್ನಾ ಸಿಲ್ಕಾ ಹೇಳ್ತೀನಿ. ಮೋಟಾರು ಗೊತ್ತಾಗಲ್ವಾ?"

ದಿಣ್ಣೆಯ ಮೇಲಿನ ಅಜ್ಜಿ ಮೂರು ಕೊಡ, ಎರಡು ಡ್ರಮ್ಮು, ಒಂದು ಹಳೆಯ ಪೇಂಟ್ ಬಕೆಟ್ ತುಂಬಿಕೊಂಡರು. ಕಡೆಗೆ ಒಂದು ಚೊಂಬು ಹಿಡಿದು ತುಳಸಿಗೆ ಹೊಯ್ದರು. ಐದು ಮುಕ್ಕಾಲಿಗೆ ನಲ್ಲಿ ಕೆಮ್ಮಿ ನಿಂತಿತು.

ಲೇಔಟುಗಳ ಗೋಳು ಇನ್ನೊಂದು ಬಗೆ. ಲೇಔಟಿನ ನಕ್ಷೆಗೆ ಮಂಜೂರಾತಿ ಕೊಡುವುದು ಯೋಜನಾ ಪ್ರಾಧಿಕಾರ. ಸೈಟು ಮಾರುವುದು ಡೆವಲಪರು. ಮೋರಿ ಉಕ್ಕಿದಾಗ ಫೋನು ಬರುವುದು ಮೆಂಬರಿಗೆ. ರಸ್ತೆ, ಪಾರ್ಕು, ದೀಪ ಎಲ್ಲ ಪುರಸಭೆಗೆ ಹಸ್ತಾಂತರ ಆಗುವವರೆಗೆ ಅಲ್ಲಿ ಒಂದು ಬಲ್ಬು ಹಾಕಿದರೂ ಲೆಕ್ಕ ತನಿಖೆಯವರು ಆಕ್ಷೇಪಣೆ ಬರೆಯುತ್ತಾರೆ. ಸೈಟು ಕೊಂಡವರಿಗೆ ಇದು ಗೊತ್ತಿರುವುದಿಲ್ಲ. ತೆರಿಗೆ ಕಟ್ಟುತ್ತೇವೆ, ದೀಪ ಇಲ್ಲ ಎನ್ನುತ್ತಾರೆ. ಅವರ ಮಾತೂ ನ್ಯಾಯವೇ. ಇನ್ನು ರೆವಿನ್ಯೂ ಸೈಟಿನವರು, ಖಾತೆಯೇ ಇಲ್ಲದವರು. 2025ರ ಫೆಬ್ರುವರಿಯಲ್ಲಿ ಸರ್ಕಾರ ಬಿ-ಖಾತೆ ಅಭಿಯಾನ ಘೋಷಿಸಿದಾಗ ಪುರಸಭೆಯ ಮುಂದೆ ಸಂತೆಯಂತೆ ಸಾಲು. ಆ ದಿನಗಳ ಬಲಪುಟಗಳಲ್ಲಿ ಬರೀ 'ಖಾತೆ, ಖಾತೆ, ಖಾತೆ'.

ಪಿಂಚಣಿ ನಾಡಕಚೇರಿಯದು, ರೇಷನ್ ಆಹಾರ ಇಲಾಖೆಯದು, ಕರೆಂಟು ಬೆಸ್ಕಾಂದು. ಇದಾವುದೂ ಮೆಂಬರ್ ಕೈಯಲ್ಲಿಲ್ಲ. ನಿಜ ಹೇಳಬೇಕೆಂದರೆ ಪುರಸಭೆಯಲ್ಲೂ ಅವರ ಕೈಯಲ್ಲಿ ಹೆಚ್ಚೇನಿಲ್ಲ. ಕ್ರಿಯಾ ಯೋಜನೆಗೆ ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು, ಟೆಂಡರು ಆನ್‌ಲೈನ್, ಚೆಕ್ಕಿಗೆ ಮುಖ್ಯಾಧಿಕಾರಿಯ ಸಹಿ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೇ ಹೋಗಬೇಕಿತ್ತು. ಅಧ್ಯಕ್ಷರ ಚುನಾವಣೆಯಲ್ಲಿ ಶಾಸಕರಿಗೂ ಸಂಸದರಿಗೂ ಓಟಿದೆ, ಹಾಗಾಗಿ 23 ಜನ ಗೆದ್ದು ಬಂದ ಊರಿನಲ್ಲಿ ಅಧ್ಯಕ್ಷರು ಯಾರೆಂಬುದು ಇನ್ನೆಲ್ಲೋ ತೀರ್ಮಾನವಾಗಬಹುದು. ಸದಸ್ಯರಿಗೆ ಉಳಿಯುವುದು ಸಭೆಯಲ್ಲಿ ಕೇಳುವ ಹಕ್ಕು, ನಡಾವಳಿಯಲ್ಲಿ ಅದನ್ನು ಬರೆಸುವ ಹಟ. ಗೌರವಧನ ಎಷ್ಟು ಎಂದಾಗ ಮೆಂಬರಕ್ಕ ನಕ್ಕರು. ಮದುವೆ ಮುಯ್ಯಿಗೆ ಸಾಲದು ಎಂದರು. ವಾರ್ಡಿನ ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಯಾವುದನ್ನೂ ತಪ್ಪಿಸುವಂತಿಲ್ಲ. ಸತ್ತವರ ಮನೆಯಿಂದ ಮೊದಲ ಫೋನು ನೆಂಟರಿಗೆ ಹೋದರೆ ಎರಡನೆಯದು ಇವರಿಗೆ ಬರುತ್ತದೆ, ಶವಪೆಟ್ಟಿಗೆಗೋ ಜೆಸಿಬಿಗೋ.

ಒಂದು ಸಂಗತಿ ಹೇಳುವಾಗ ಮಾತ್ರ ಅವರ ಮುಖ ಅರಳಿತು. ಪುರಸಭೆಯ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ಎತ್ತಿಡಬೇಕು. ಒಂದು ವರ್ಷ ಆ ಹಣದಲ್ಲಿ ಹೆಂಗಸರಿಗೆ ಹೊಲಿಗೆ ಯಂತ್ರ ಕೊಡುವುದೆಂದಾಯಿತು. ಸರಬರಾಜು ಮಾಡುವವರು ಮಾದರಿ ಯಂತ್ರವೊಂದನ್ನು ತಂದು ಸಭಾಂಗಣದಲ್ಲಿ ಇಟ್ಟರು. ಮಿರಿಮಿರಿ ಕಪ್ಪು ಬಣ್ಣ. ಮೆಂಬರಕ್ಕ ಎದ್ದು ಹೋಗಿ ಸ್ಟೂಲು ಎಳೆದುಕೊಂಡು ಕೂತರು. ಬಾಬಿನ್ ಹಾಕಿದರು, ದಾರ ಪೋಣಿಸಿದರು, ಸೆರಗಿನ ತುದಿಯನ್ನೇ ಕೊಟ್ಟು ನಾಲ್ಕು ಬೆರಳು ಹೊಲಿದರು. ಹೊಲಿಗೆ ಬಿಟ್ಟು ಬಿಟ್ಟು ಬಿತ್ತು. "ಬಾಬಿನ್ ಕೇಸೇ ಅಲ್ಲಾಡತ್ತೆ ಸಾರ್, ಇದು ಮೂರು ತಿಂಗಳೂ ಬರಲ್ಲ" ಎಂದು ಸೆರಗು ಎತ್ತಿ ಎಲ್ಲರಿಗೂ ತೋರಿಸಿದರು. ಯಂತ್ರಗಳು ಬದಲಾದವು. ಪುರಸಭೆಗೆ ಬೇಕಾದದ್ದು ರಾಜಕಾರಣಿಗಿಂತ ಇಂಥವರೇ ಎಂದು ನನಗೆ ಅನ್ನಿಸಿದ್ದು ಅಲ್ಲಿ. ಒಬ್ಬ ಗಾರೆಯವರು, ಒಬ್ಬ ಪ್ಲಂಬರ್, ಒಬ್ಬ ಟೈಲರ್ ಸಭೆಯಲ್ಲಿ ಕೂತಿದ್ದರೆ ಎಷ್ಟು ಬಿಲ್ಲುಗಳು ಅಲ್ಲೇ ಬೆವರುತ್ತಿದ್ದವೋ.

ಮೊದಲ ಮೂವತ್ತು ತಿಂಗಳ ಅಧ್ಯಕ್ಷಾವಧಿ 2023ರ ಮೇ ಹೊತ್ತಿಗೆ ಮುಗಿಯಿತು. ಎರಡನೆಯದಕ್ಕೆ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಮಧ್ಯೆ ಒಂದು ವರ್ಷಕ್ಕೂ ಮೇಲೆ ಮತ್ತೆ ಸಭೆ ಇಲ್ಲ, ಆಡಳಿತಾಧಿಕಾರಿಯದೇ ಕಾರುಬಾರು. ಈಗ ಅವಧಿಯೇ ಮುಗಿದಿದೆ. ಮುಂದಿನ ಚುನಾವಣೆ ಆಗುವವರೆಗೆ ಊರಿಗೆ ಸದಸ್ಯರಿಲ್ಲ. ಚುನಾವಣೆ ಆದರೂ ವಾರ್ಡು ಮತ್ತೆ ಮಹಿಳೆಗೇ ಬರುತ್ತದೆಂದೇನೂ ಇಲ್ಲ, ಮೀಸಲಾತಿ ಸುತ್ತುತ್ತಿರುತ್ತದೆ. ಯಜಮಾನರು ಈ ಸಲ ಸಾಮಾನ್ಯಕ್ಕೆ ಬರಬಹುದೆಂದು ಕಾಯುತ್ತಿದ್ದಾರೆಯೇ? ಮೆಂಬರಕ್ಕ ಉತ್ತರ ಕೊಡದೆ ಮಿಲ್ಲಿನ ಕಡೆ ನೋಡಿದರು.

ಕಡೆಯ ಸಲ ನಾನು ಹೋದಾಗ ಮಷೀನಿಗೆ ಹೊಸ ಬೆಲ್ಟು ಬಿದ್ದಿತ್ತು. ಬ್ಲೌಸುಗಳು ಹ್ಯಾಂಗರಿನಲ್ಲಿ ಸಾಲಾಗಿ ತೂಗುತ್ತಿದ್ದವು. ಹೊರಗಿನ ಬೋರ್ಡಿನಲ್ಲಿ 'ಪುರಸಭಾ ಸದಸ್ಯರು' ಎಂಬುದರ ಮುಂದೆ 'ಮಾಜಿ' ಎಂದು ಬೇರೆ ಬಣ್ಣದಲ್ಲಿ ಸೇರಿಸಿದ್ದರು. ಜಾಗ ಸಾಲದೆ ಅಕ್ಷರ ಅಂಚಿಗೆ ಒತ್ತಿಕೊಂಡಿತ್ತು.

ನಾನು ತೋಳು ಹಿಡಿಯುತ್ತಿದ್ದ ಅದೇ ಬ್ಲೌಸು ತೊಟ್ಟು ಹೋಗಿದ್ದೆ. ಬೇಕೆಂದೇ. "ಬನ್ನಿ ಇಲ್ಲಿ, ಬಿಚ್ಚೋದೇನೂ ಬೇಡ" ಎಂದು ಬಾಗಿಲ ಬೆಳಕಿಗೆ ಕೂರಿಸಿದರು. ತೋಳಿನ ಅಂಚು ಮೇಲಕ್ಕೆ ಮಡಿಚಿ ಬೆರಳಾಡಿಸಿದರು. "ಅರ್ಧ ಇಂಚಿದೆ. ಪರವಾಗಿಲ್ಲ, ಹೊಲಿದವ್ನು ಪುಣ್ಯಾತ್ಮ." ಅರ್ಧ ಬ್ಲೇಡಿನ ತುದಿಯಿಂದ ಒಳಗಿನ ಹೊಲಿಗೆಯನ್ನು ಒಂದೊಂದಾಗಿ ಎಬ್ಬಿಸತೊಡಗಿದರು. ದಾರದ ಚೂರುಗಳು ನನ್ನ ಮಡಿಲಿಗೆ ಉದುರಿದವು. ಎಡತೋಳು ಮುಗಿಯಿತು. ಕೈ ಮಡಿಸಿ ನೋಡಿದೆ, ಆರಾಮಾಗಿತ್ತು.

ಫೋನು ಬಂತು. ಬ್ಲೇಡು ತುಟಿಯಲ್ಲಿ ಕಚ್ಚಿಕೊಂಡೇ ಕೇಳಿಸಿಕೊಂಡರು. "ನಾನೀಗ ಮೆಂಬರ್ ಅಲ್ಲಮ್ಮಾ" ಎಂದರು. ಆ ಕಡೆಯವರು ನಿಲ್ಲಿಸಲಿಲ್ಲ. "ಎಷ್ಟೊತ್ತಾಯ್ತು ಒಡೆದು? ... ವಾಟರ್‌ಮ್ಯಾನ್ ಫೋನ್ ತೆಗೀತಿಲ್ವಾ? ... ನೀರು ಎಲ್ಲೀ ತನಕ ಬಂದಿದೆ?" ಬ್ಲೇಡನ್ನು ಪಿನ್ನಿನ ಡಬ್ಬಿಗೆ ಹಾಕಿ, ಪುಸ್ತಕ ಎಳೆದುಕೊಂಡು ಏನೋ ಗೀಚಿ, ಚಪ್ಪಲಿ ಮೆಟ್ಟಿದರು. "ಐದು ನಿಮಿಷ ಮೇಡಂ, ವಾಲ್ವ್ ಹತ್ರ ಹೋಗಿ ಬಂದೆ."

ಒಂದು ಗಂಟೆ ಕಾದೆ. ಯಜಮಾನರು ಇನ್ನೊಂದು ಲೋಟ ಕಾಫಿ ಕೊಟ್ಟರು. ಕಡೆಗೆ ಬಸ್ಸಿನ ಹೊತ್ತಾಯಿತೆಂದು ಎದ್ದೆ. ಎಡತೋಳು ಸಡಿಲ, ಬಲತೋಳು ಬಿಗಿ. ಹಾಗೇ ಬೆಂಗಳೂರಿನ ಬಸ್ಸು ಹತ್ತಿದೆ.